ಸೊರಬಕ್ಕೆ, ಆನವಟ್ಟಿಗೆ

ನಾರ್ವೆಯವರ ಭಾಷೆಯಲ್ಲಿ 'ಪೋ' ಎಂಬ ಒಂದು ಪುಟ್ಟ ಪದವಿದೆ. ನಿಘಂಟು ತೆಗೆದರೆ 'ಮೇಲೆ' ಎಂಬ ಅರ್ಥ ಮೊದಲಿಗೇ ಸಿಗುತ್ತದೆ. ಪುಸ್ತಕ ಮೇಜಿನ ಮೇಲಿದ್ದರೆ ಪೋ. ಅಲ್ಲಿಗೆ ಸರಿ. ಆದರೆ ಅಡುಗೆಮನೆಯಲ್ಲಿ ಇದ್ದರೂ ಪೋ. ಅಲ್ಲಿಂದ ಎದ್ದು ಹಜಾರಕ್ಕೆ ಬಂದು ಕೂತರೆ 'ಇ', ಅಂದರೆ ಒಳಗೆ. ಬಚ್ಚಲಲ್ಲಿ ಪೋ, ಶಾಲೆಯಲ್ಲಿ ಪೋ, ಕೆಲಸದಲ್ಲಿ ಪೋ. ಓಸ್ಲೋ, ಬರ್ಗನ್ ಊರುಗಳಲ್ಲಿ ಇರುವವರಿಗೆ 'ಇ', ಹಾಮಾರ್, ಲಿಲ್ಲೆಹಾಮರ್ ಊರುಗಳಲ್ಲಿ ಇರುವವರಿಗೆ 'ಪೋ'. ಒಳನಾಡಿನ ಊರುಗಳಿಗೆ ಹೆಚ್ಚಾಗಿ ಪೋ ಎಂದು ವ್ಯಾಕರಣದವರು ಒಂದು ಅಂದಾಜಿನ ಸೂತ್ರ ಕೊಡುತ್ತಾರೆ, ಅದರ ಬೆನ್ನಿಗೇ ಅಪವಾದಗಳನ್ನೂ ಕೊಡುತ್ತಾರೆ. ಬಸ್ಸಿಗೆ ಕಾಯುವುದೂ ಪೋ, ರೇಡಿಯೋ ಕೇಳುವುದೂ ಪೋ, ಬರುವ ಭಾನುವಾರವೂ ಪೋ.

ಇದೆಲ್ಲ ನನಗೆ ಗೊತ್ತಾದದ್ದು ತಮ್ಮನ ಮಗಳಿಂದ. ಅವಳು ಅಲ್ಲಿ ಕೆಲಸದಲ್ಲಿದ್ದಾಳೆ. ಅವರ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ. ರಾತ್ರಿ ಮಲಗುವ ಮುಂಚೆ ಅವಳು ವಾಟ್ಸಾಪಿನಲ್ಲಿ ಆಡಿ ಕಳಿಸಿದ ಮಾತನ್ನು ಶಿಕಾರಿಪುರದ ಮನೆಯಲ್ಲಿ ನಾನು ಬೆಳಗ್ಗೆ ಎದ್ದು, ಹಾಲು ಒಲೆಯ ಮೇಲಿಟ್ಟು ಕೇಳುತ್ತೇನೆ.

"ದೊಡ್ಡಪ್ಪ, ಅಡುಗೆಮನೆಗೆ ಪೋ ಯಾಕೆ, ಹಜಾರಕ್ಕೆ ಇ ಯಾಕೆ ಅಂತ ಆಫೀಸಿನಲ್ಲಿ ಕೇಳ್ದೆ. ಅವ್ರಿಗೂ ಗೊತ್ತಿಲ್ಲ. ಹಾಗೇ ಅನ್ನೋದು ಅಂದ್ಬಿಟ್ರು."

"ನೀನು ಹಾವಿಗೆ ಹೆದರ್ತೀನಿ ಅಂತೀಯಲ್ಲ ಮಗಾ," ಎಂದು ನನ್ನ ಮರುಮಾತು. "ಹಾವಿಗೆ ನೀನೇನು ಕೊಟ್ಟೆ, ಗೆ ಅನ್ನೋಕೆ? ಯಾರಾದ್ರೂ ಕೇಳಿದ್ರೆ ಏನು ಹೇಳ್ತೀಯ?"

ಮಾರನೇ ಬೆಳಿಗ್ಗೆ ಬಂದದ್ದು ಬರೀ ನಗು. ಆಮೇಲೆ ಒಂದು ಹೊಸ ಸಂಗತಿ. ನಾರ್ವೆಯವರಿಗೆ ಯಾರ ಮೇಲಾದರೂ ಸಿಟ್ಟು ಬಂದರೆ ಅದು ಪೋ, ನಮ್ಮ ಹಾಗೆ ಮೇಲೇ. ಪ್ರೀತಿಯಾದರೆ ಮಾತ್ರ ಇ. ಸಿಟ್ಟು ಆಳಿನ ಮೇಲೆ, ಪ್ರೀತಿ ಆಳಿನ ಒಳಗೆ. ನಾವಾದರೋ ಎರಡನ್ನೂ ಮೇಲೆಯೇ ಹೊರಿಸುತ್ತೇವೆ: ಮಗನ ಮೇಲೆ ಸಿಟ್ಟು, ಮಗನ ಮೇಲೆ ಪ್ರೀತಿ, ಕೊನೆಗೆ ದೇವರ ಮೇಲೆ ಭಾರ. ಇದರಿಂದ ಯಾರ ಪ್ರೀತಿ ಆಳವಾದದ್ದು ಎಂದು ತೀರ್ಮಾನಕ್ಕೆ ಹೋಗುವುದು ಹುಡುಗಾಟವಾದೀತು. ಭಾಷೆ ಅಷ್ಟು ಯೋಚಿಸಿ ಪದ ಹಂಚುವುದಿಲ್ಲ. ಆದರೂ ಆ ದಿನ ಹಾಲು ಉಕ್ಕಿತು ಎನ್ನುವುದನ್ನು ಮುಚ್ಚಿಡಲಾರೆ.

ಉಚ್ಚಾರಣೆಯ ಕಥೆ ಬೇರೆಯೇ. ನಾರ್ವೆಯ ಪ ನಮ್ಮ ಪ ಅಲ್ಲ, ಉಸಿರು ಸೇರಿದ ಮಹಾಪ್ರಾಣ. ನಮ್ಮ ಕಡೆ ಮಹಾಪ್ರಾಣ ಬರವಣಿಗೆಗೆ ಮಾತ್ರ; ಬಾಯಲ್ಲಿ ಧರ್ಮ ದರ್ಮವೇ, ಭತ್ತ ಬತ್ತವೇ. ಫಲದ ಫ ಅಂತೂ ಈಗಿನ ಹುಡುಗರ ಬಾಯಲ್ಲಿ ಫ್ಯಾನಿನ ಫ ಆಗಿಬಿಟ್ಟಿದೆ. ಹೀಗಾಗಿ ನಮ್ಮ ಹುಡುಗಿ ಪೋ ಅಂದರೆ ಅಲ್ಲಿಯವರ ಕಿವಿಗೆ ಬೋ ಎಂದು ಕೇಳುತ್ತದಂತೆ. ಇನ್ನು ಆ ಓ. ಅವರ ರೋಮನ್ ಓ ಅಕ್ಷರ ಎಷ್ಟೋ ಪದಗಳಲ್ಲಿ ಊ ಕಡೆಗೆ ಜಾರಿ ಕೂತಿದೆ: ಪುಸ್ತಕ ಬೂಕ್, ಸೂರ್ಯ ಸೂಲ್. ನಿಜವಾದ ಓ ಧ್ವನಿಗೆ ಬೇರೆ ಅಕ್ಷರ ಬೇಕಾಯಿತು. ಮೊದಲು ಎ ಅಕ್ಷರವನ್ನು ಎರಡು ಸಲ ಬರೆಯುತ್ತಿದ್ದರು. 1917ರ ಕಾಗುಣಿತ ಸುಧಾರಣೆಯಲ್ಲಿ ಒಂದೇ ಎ ಬರೆದು ಅದರ ನೆತ್ತಿಗೆ ಪುಟ್ಟ ಸೊನ್ನೆ ಇಟ್ಟರು. ನಮಗೆ ಆ ಭಾಗ್ಯ ಬಂದಿಲ್ಲ. 'ಹೋಗು' ಅನ್ನುವಾಗಿನ ಓ ಬೇರೆ, 'ಹೋದ' ಅನ್ನುವಾಗಿನ ಓ ಬೇರೆ. ಎರಡನೆಯದಕ್ಕೆ ಬಾಯಿ ಇನ್ನಷ್ಟು ತೆರೆಯುತ್ತದೆ. ಅಕ್ಷರ ಒಂದೇ. ಮೇಲೆ ಎಂಬುದನ್ನು ನಮ್ಮೂರಿನವರು 'ಮ್ಯಾಲೆ' ಅನ್ನುತ್ತಾರೆ. ಅದರಲ್ಲಿನ ಸ್ವರಕ್ಕೆ ನಮ್ಮ ವರ್ಣಮಾಲೆಯಲ್ಲಿ ಜಾಗವೇ ಇಲ್ಲ, ಯವೊತ್ತು ಹಾಕಿ ಹೇಗೋ ಸಂಭಾಳಿಸಬೇಕು. ಬರೆಯಲಿಕ್ಕೆ ಅಕ್ಷರ ಇಲ್ಲವೆಂದು ಯಾರೂ ಅದನ್ನು ಆಡುವುದು ಬಿಟ್ಟಿಲ್ಲ.

ಹಾಮಾರ್‌ಗೆ ಒಂದು ಪದ, ಓಸ್ಲೋಗೆ ಒಂದು ಪದ ಎಂದು ಅವಳು ಗೋಳಾಡಿದಾಗ ನನಗೆ ಶಿಕಾರಿಪುರದ ಬಸ್ ನಿಲ್ದಾಣ ನೆನಪಾಯಿತು. ಕಂಡಕ್ಟರು ಕೂಗುವುದನ್ನು ಗಮನವಿಟ್ಟು ಕೇಳಬೇಕು. ಸೊರಬಕ್ಕೆ, ಸಾಗರಕ್ಕೆ, ಶಿರಾಳಕೊಪ್ಪಕ್ಕೆ. ಆದರೆ ಆನವಟ್ಟಿಗೆ, ಬಳ್ಳಿಗಾವಿಗೆ. ಮತ್ತೆ ಹಿರೇಕೆರೂರಿಗೆ. ಕ್ಕೆ ಎಲ್ಲಿ, ಗೆ ಎಲ್ಲಿ, ಇಗೆ ಎಲ್ಲಿ? ಸೂತ್ರ ಇದೆ: ಊರಿನ ಹೆಸರು ಅಕಾರದಲ್ಲಿ ಮುಗಿದರೆ ಹೀಗೆ, ಇಕಾರಕ್ಕೆ ಹಾಗೆ, ಉಕಾರಕ್ಕೆ ಇನ್ನೊಂದು. ಅದನ್ನು ಕಲಿತು ಆಡಿದ ಒಬ್ಬ ಕನ್ನಡಿಗನನ್ನೂ ನಾನು ನೋಡಿಲ್ಲ. ಉತ್ತರದ ರಾಜ್ಯದಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿಯೊಬ್ಬರು ನಿಲ್ದಾಣದಲ್ಲಿ "ಸೊರಬಗೆ ಯಾವ ಬಸ್ಸು?" ಎಂದು ಕೇಳಿದರು. ಪದ ಎಲ್ಲ ಸರಿ, ಧಾಟಿಯೂ ಸರಿ. ಆ ಒಂದು 'ಗೆ' ಅವರ ಊರು ಇದಲ್ಲ ಎಂದು ಹೇಳಿಬಿಟ್ಟಿತು. ಹೂ ಮಾರುವ ಹೆಂಗಸು ನಗಲಿಲ್ಲ. "ಸೊರಬಕ್ಕಾ? ಆ ಕಡೆ ನಿಂತ್ಕಳ್ರಿ, ಈಗ ಬರ್ತದೆ" ಅಂದಳು. ತಿದ್ದಿದಳು ಎಂದು ಅವಳಿಗೆ ಗೊತ್ತಿಲ್ಲ. ತಿದ್ದಿಸಿಕೊಂಡೆ ಎಂದು ಅವರಿಗೆ ಗೊತ್ತಾಯಿತೋ ಇಲ್ಲವೋ.

ವ್ಯಾಕರಣವನ್ನು ಹಗುರ ಮಾಡುವ ಮಾತಲ್ಲ ಇದು. ಈ ನೆಲದಲ್ಲಿ ಹಾಗೆ ಮಾತಾಡಿದರೆ ಕಲ್ಲುಗಳೇ ಎದ್ದು ನಿಲ್ಲುತ್ತವೆ. ಬಳ್ಳಿಗಾವಿಯ ಕೋಡಿಯ ಮಠದ ವಿಷಯ ಹೇಳುವ 1162ರ ಶಾಸನ ಅಲ್ಲಿ ನಾಲ್ಕು ವೇದಗಳ ಜೊತೆಗೆ ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳನ್ನು ಓದಿಸುತ್ತಿದ್ದರೆಂದು ಹೆಸರಿಟ್ಟು ಹೇಳುತ್ತದೆ. ಅದೇ ಮಠದಲ್ಲಿ ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ. ಎಲ್ಲ ದರ್ಶನದ ಭಿಕ್ಷುಗಳಿಗೂ ಅಲ್ಲಿ ಜಾಗವಿತ್ತು. ಒಂದು ಪಡಸಾಲೆಯಲ್ಲಿ ಪಾಣಿನಿಯ ಸಪ್ತಮೀ ವಿಭಕ್ತಿ ಹೇಳಿಕೊಡುತ್ತಿದ್ದರೆ, ಅನ್ನಕ್ಕೆ ಕೂತ ಸಾಲಿನಲ್ಲಿ ಯಾವ ಯಾವ ಊರಿನ ಯಾವ ಯಾವ ಪ್ರತ್ಯಯ ಕಿವಿಗೆ ಬೀಳುತ್ತಿತ್ತೋ. ನನ್ನ ಆಸೆ ಆ ಎರಡನೇ ಸಾಲಿನಲ್ಲಿ ಒಂದು ಹೊತ್ತು ಕೂರುವುದು.

ಯಾಕೆಂದರೆ ಪದ ಸವೆಯುವುದು ಅಲ್ಲಿ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಕ್ರಿ.ಶ. 450ರ ಸುಮಾರಿನದು, ಅದರಲ್ಲಿ 'ನಾಡುಳ್' ಎಂದಿದೆ. ಆ ಉಳ್ ಮುಂದೆ ಒಳ್ ಆಯಿತು, ಒಳಗೆ ಆಯಿತು. ಜನರ ಬಾಯಲ್ಲಿ ನಡುವಿನ ಅಕ್ಷರ ಉದುರಿ ಮನೆಯೊಳಗೆ ಎಂಬುದು ಮನ್ಯಾಗೆ ಆಯಿತು, ಇನ್ನೂ ಬಡಗಲಿಗೆ ಮನ್ಯಾಗ ಆಯಿತು. ಪೋ ಕೂಡ ಹುಟ್ಟಿನಿಂದ ಒಂದು ಪದ ಅಲ್ಲ. ಹಳೆಯ ನಾರ್ಸ್ ಭಾಷೆಯ 'ಉಪ್' ಮತ್ತು 'ಆ' ಎರಡೂ ಕೂಡಿ, ಬಳಸಿ ಬಳಸಿ, ಮೊದಲಿನ ಸ್ವರ ಉದುರಿ ಉಳಿದ ಚೂರು ಅದು. ಎಲ್ಲರ ಕೈ ದಾಟಿ ಮುದ್ರೆ ಅಳಿಸಿದ ಹಳೇ ನಾಣ್ಯದ ಹಾಗೆ. ಅಪರೂಪದ ಪದಗಳು ಗರಿಗರಿಯಾಗಿ ಉಳಿಯುತ್ತವೆ. ದಿನಕ್ಕೆ ಸಾವಿರ ಸಲ ಬಾಯಿಗೆ ಬರುವುದು ಮಾತ್ರ ಹೀಗೆ ನುಣುಪಾಗುತ್ತದೆ, ಹೊರಗಿನವರ ಕೈಗೆ ಸಿಗದೆ ಜಾರುತ್ತದೆ.

ಶಾಲೆಯ ಪುಸ್ತಕದಲ್ಲಿ ಈಗಲೂ ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ ಎಂದು ಮಕ್ಕಳು ರಾಗ ಹಾಕಿ ಹೇಳುತ್ತಾರೆ. 'ದೆಸೆಯಿಂದ' ಎಂದು ಯಾರಾದರೂ ಸಂತೆಯಲ್ಲಿ ಅಂದದ್ದುಂಟೇ? ಇರಲಿ.

ಹಿರೇಕೆರೂರಿನ ಕಡೆಯವರು 'ಹೊಲ್ದಾಗ' ಅನ್ನುತ್ತಾರೆ. ಗಡಿ ದಾಟಿ ಶಿಕಾರಿಪುರಕ್ಕೆ ಬಂದರೆ 'ಹೊಲ್ದಾಗೆ'. ಶಿರಾಳಕೊಪ್ಪ ದಾಟಿ ಸೊರಬದ ಅಡಿಕೆ ತೋಟಗಳ ನೆರಳು ಸಿಕ್ಕ ಮೇಲೆ ಹೊಲ ಹೋಗಿ ಗದ್ದೆ ಬರುತ್ತದೆ, ಮಾತು 'ಗದ್ದೇಲಿ' ಆಗುತ್ತದೆ. ಗೆರೆ ಎಳೆದು ತೋರಿಸಲು ಬರುವುದಿಲ್ಲ. ಒಂದೇ ಮನೆಯಲ್ಲಿ ಅತ್ತೆ ಒಂದು ಥರ, ಹಿರೇಕೆರೂರಿನಿಂದ ಬಂದ ಸೊಸೆ ಇನ್ನೊಂದು ಥರ. ಉಡುತಡಿ ಇರುವುದೂ ಇದೇ ತಾಲ್ಲೂಕಿನಲ್ಲಿ. ಅಲ್ಲಿಂದ ಹೊರಟ ಅಕ್ಕಮಹಾದೇವಿ ಕಲ್ಯಾಣದವರೆಗೆ ನಡೆದಳೆನ್ನುತ್ತಾರೆ. ನೀರು ಕೇಳಿದ ಊರು ಊರಿನಲ್ಲೂ ಈ ಪುಟ್ಟ ಪ್ರತ್ಯಯ ಒಂದಿಷ್ಟು ಬದಲಾಗುವುದು ಅವಳ ಕಿವಿಗೆ ಬಿದ್ದಿರಲೇಬೇಕು. ಎಲ್ಲೂ ತಂಗದೆ ನಡೆಯುವವರಿಗೆ ಭಾಷೆ ಹೀಗೆ ಹರಿಯುವ ರೂಪದಲ್ಲಿ ಸಿಗುತ್ತದೆ, ನಿಂತವರಿಗೆ ಸಿಗುವುದಿಲ್ಲ.

ತಮಾಷೆ ಎಂದರೆ ನಾರ್ವೆಯವರೂ ಒಮ್ಮೆ ನಮ್ಮ ಪ್ರತ್ಯಯಗಳನ್ನು ಎಣಿಸಲು ಕೂತಿದ್ದರು. ಗ್ರಿಯರ್ಸನ್ ಅವರ ಭಾರತೀಯ ಭಾಷಾ ಸರ್ವೇಕ್ಷಣೆಯ ನಾಲ್ಕನೇ ಸಂಪುಟ, ಮುಂಡಾ ಮತ್ತು ದ್ರಾವಿಡ ಭಾಷೆಗಳದ್ದು, 1906ರಲ್ಲಿ ಬಂತು. ಅದನ್ನು ಸಿದ್ಧಪಡಿಸಿದವರು ನಾರ್ವೆಯ ವಿದ್ವಾಂಸ ಸ್ಟೆನ್ ಕೊನೋ. ಕನ್ನಡವೂ ಅದರಲ್ಲಿದೆ. ಆದರೆ ಮೈಸೂರು ಸಂಸ್ಥಾನ ಆ ಸರ್ವೇಕ್ಷಣೆಯ ವ್ಯಾಪ್ತಿಗೆ ಬರಲಿಲ್ಲ. ಬೊಂಬಾಯಿ ಪ್ರಾಂತ್ಯ ಬಂತು. ಹಿರೇಕೆರೂರು, ಹಾನಗಲ್ಲು ಇದ್ದ ಧಾರವಾಡ ಜಿಲ್ಲೆ ಆಚೆ ಬದಿಗೆ, ಶಿಕಾರಿಪುರ, ಸೊರಬ ಈಚೆ ಬದಿಗೆ. 'ಹೊಲ್ದಾಗ' ಲೆಕ್ಕಕ್ಕೆ ಸಿಗುವ ಕಡೆ ಇತ್ತು, 'ಹೊಲ್ದಾಗೆ' ಬೇಲಿಯ ಹೊರಗೆ ಉಳಿಯಿತು.

ಬೆಳಗಿನ ಹೊತ್ತು ಇದನ್ನೆಲ್ಲ ಯೋಚಿಸುವಾಗ ನನಗೆ ಒಂದು ಅಸಮಾಧಾನವೂ ಆಗುತ್ತದೆ. ತಮ್ಮನ ಮಗಳು ನಾರ್ವೆಯ ಭಾಷೆ ಕಲಿಯುತ್ತಾಳೆಂದರೆ ಬೀದಿಯವರೆಲ್ಲ ಹುಬ್ಬೇರಿಸುತ್ತಾರೆ. ನಮ್ಮ ತಾಲ್ಲೂಕಿನ ತಾಂಡಾಗಳಲ್ಲಿ ಲಂಬಾಣಿ ಮಾತಾಡುವ ಮನೆಯಿಂದ ಒಂದನೇ ತರಗತಿಗೆ ಬರುವ ಮಗು ಮಾಡುವುದೂ ಅದೇ ಕೆಲಸ, ಅದೂ ಆರನೇ ವಯಸ್ಸಿಗೆ, ಕೋರ್ಸೂ ಇಲ್ಲ, ಆ್ಯಪೂ ಇಲ್ಲ. ಶಿರಾಳಕೊಪ್ಪದ ಸಂತೆಯಲ್ಲಿ ಉರ್ದು ಮನೆಮಾತಿನವರು ಕನ್ನಡದಲ್ಲಿ ಚೌಕಾಸಿ ಮಾಡುವಾಗ 'ಗೆ'ಗೂ 'ಕ್ಕೆ'ಗೂ ತಡವರಿಸುವುದಿಲ್ಲ. ಅದನ್ನು ಯಾರೂ ವಿದ್ಯೆ ಎಂದು ಕರೆಯುವುದಿಲ್ಲ. ಆ ಮಗುವಿನ ನಾಲಿಗೆ ಒಂದು ಕ್ಷಣ ತಡೆದರೆ ಮಾತ್ರ, ಕನ್ನಡ ಸರಿ ಬರಲ್ಲ ಎಂಬ ಷರಾ ಬೀಳುತ್ತದೆ. ಅವಳಿಗೆ ನಾರ್ವೆಯಲ್ಲಿ ಸಿಗುವ ತಾಳ್ಮೆಯ ಅರ್ಧದಷ್ಟಾದರೂ ಇವರಿಗೆ ಇಲ್ಲಿ ಸಿಗಬಾರದೆ?

ಪರಿಚಯದ ಮೇಷ್ಟ್ರೊಬ್ಬರು ಅಂಥದೊಂದು ತಾಂಡಾ ಶಾಲೆಯಲ್ಲಿದ್ದಾರೆ. ಪುಸ್ತಕ, ಚೀಲ, ಮೇಜು ಇಟ್ಟುಕೊಂಡು ಅವರು ಪಾಠ ಮಾಡುವುದನ್ನು ಒಮ್ಮೆ ಕಿಟಕಿಯ ಹೊರಗಿನಿಂದ ನೋಡಿದೆ. ಪುಸ್ತಕವನ್ನು ಮೇಜಿನ ಮೇಲೆ ಇಟ್ಟು ಕೇಳುತ್ತಾರೆ, ಚೀಲಕ್ಕೆ ಹಾಕಿ ಕೇಳುತ್ತಾರೆ, ಬೆನ್ನ ಹಿಂದೆ ಬಚ್ಚಿಟ್ಟು ಕೇಳುತ್ತಾರೆ. ಮುಂದಿನ ಸಾಲಿನ ಹುಡುಗಿ ಮೊದಲು ಬರೀ ಬೆರಳು ತೋರಿಸಿದಳು.

"ಪುಸ್ತಕ ಚೀಲದಲ್ಲಿದೆ," ಎಂದು ಮೇಷ್ಟ್ರು ಬಿಡಿಸಿ ಬಿಡಿಸಿ ಹೇಳಿಕೊಟ್ಟರು. "ಈಗ ನೀನು ಹೇಳವ್ವ."

"ಚೀಲ್ದಾಗೈತೆ ಸಾ," ಅಂದಳು ಹುಡುಗಿ.

ಮೇಷ್ಟ್ರು 'ಸರಿ' ಎಂದು ಪುಸ್ತಕವನ್ನು ಚೀಲದಿಂದ ತೆಗೆದು ಅವಳ ಕೈಗೇ ಕೊಟ್ಟರು, ಮುಂದಿನದನ್ನು ಅವಳೇ ಕೇಳಲಿ ಎಂದು.