ಒಗ್ಗದ ಮಾತು

ನಮ್ಮ ಮನೆಯಲ್ಲಿ 'ಒಗ್ಗೋದಿಲ್ಲ' ಎಂಬ ಮಾತಿಗೆ ಅರ್ಥ ಹಲವು. ಅಮ್ಮನಿಗೆ ಬದನೆಕಾಯಿ ಒಗ್ಗುತ್ತಿರಲಿಲ್ಲ, ತಿಂದರೆ ಮೈ ಕಡಿತ. ಅಪ್ಪನಿಗೆ ಊರ ಹೊರಗಿನ ನೀರು ಒಗ್ಗುತ್ತಿರಲಿಲ್ಲ, ಕುಡಿದರೆ ನೆಗಡಿ. ದೊಡ್ಡಮ್ಮನಿಗೆ ಅವರ ಓರಗಿತ್ತಿ ಒಗ್ಗುತ್ತಿರಲಿಲ್ಲ. ಅದರ ಲಕ್ಷಣಗಳನ್ನು ಇಲ್ಲಿ ಬರೆಯುವುದು ಬೇಡ. ಮನೆಯೊಳಗೆ ಈ ಒಂದೇ ಮಾತಿನಲ್ಲಿ ಎಲ್ಲರಿಗೂ ಎಲ್ಲವೂ ತಿಳಿಯುತ್ತಿತ್ತು. ಅದು ಹೊಸ್ತಿಲು ದಾಟಿದರೆ ಏನಾಗುತ್ತದೆ ಎಂಬುದು ನನಗೆ ಗೊತ್ತಾದದ್ದು ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದ ರಾತ್ರಿ.

ಅಕ್ಕನಿಗೆ ಹಿಂದೊಮ್ಮೆ ಕಾಲಿನ ಕುರುವಿಗೆಂದು ಪೆನಿಸಿಲಿನ್ ಕೊಟ್ಟಾಗ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿದಂತಾಗಿತ್ತು. ಅದು ನನಗೆ ಚೆನ್ನಾಗಿ ನೆನಪಿತ್ತು. ಆ ರಾತ್ರಿ ಡಾಕ್ಟರು ಚೀಟಿ ಬರೆಯುತ್ತಾ, "ಔಷಧಿ ಅಲರ್ಜಿ ಏನಾದರೂ ಇದೆಯಾ?" ಎಂದರು. "ಅಲರ್ಜಿ ಗಿಲರ್ಜಿ ಏನಿಲ್ಲ ಡಾಕ್ಟ್ರೇ, ಕೆಲವು ಇಂಜೆಕ್ಷನ್ ಒಗ್ಗೋದಿಲ್ಲ ಅಷ್ಟೆ" ಎಂದೆ. ಅಲರ್ಜಿ ಎಂದರೆ ಧೂಳಿಗೆ ಸೀನು ಬರುವುದು ಎಂದಷ್ಟೇ ನಾನು ತಿಳಿದಿದ್ದೆ. ಅವರು 'ಇಲ್ಲ' ಎಂದು ಬರೆದುಕೊಂಡರು. ಇಂಜೆಕ್ಷನ್ ಆದ ಕೆಲವೇ ನಿಮಿಷಕ್ಕೆ ಅಕ್ಕನ ಮುಖ ಊದಿ ಗಂಟಲು ಬಿಗಿಯಿತು. ಅಡ್ರಿನಲಿನ್ ಕೊಟ್ಟು ಉಳಿಸಿಕೊಂಡರು. ಬೆಳಿಗ್ಗೆ ಡಾಕ್ಟರು, "ಟೀಚರೇ, ನಾನು ಕೇಳಿದ್ದೂ ಅದನ್ನೇ ಅಲ್ವಾ?" ಎಂದರು.

ನಾನು ಸುಳ್ಳು ಹೇಳಿರಲಿಲ್ಲ. ಏನನ್ನೂ ಮುಚ್ಚಿಟ್ಟಿರಲೂ ಇಲ್ಲ. ಆದರೂ ತಪ್ಪು ನನ್ನದಲ್ಲ ಎನ್ನಲು ಇವತ್ತಿಗೂ ಬಾಯಿ ಬರುವುದಿಲ್ಲ.

ಮಗಳು ರೋಗನಿರೋಧಕ ಶಕ್ತಿಯ ಸಂಶೋಧನೆಯಲ್ಲಿ ಸಿಕ್ಕುವ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಜೋಡಿಸಿಡುವ ಕೆಲಸದಲ್ಲಿದ್ದಾಳೆ. ಮೊನ್ನೆ ಈ ಮಾತು ಮತ್ತೆ ಬಂದಾಗ, "ಅಮ್ಮಾ, ವಿಜ್ಞಾನಿಗಳೂ ನಿನ್ನ ಹಾಗೇ" ಎಂದು ನಕ್ಕಳು. ಕೋವಿಡ್ ಕಾಲದಲ್ಲಿ ಐಎಲ್-6 ಎಂಬ ರಕ್ತಪರೀಕ್ಷೆಯ ಹೆಸರನ್ನು ನೀವೂ ಕೇಳಿರಬಹುದು. ನಮ್ಮ ದೇಹದಲ್ಲಿಯೇ ಹುಟ್ಟುವ ಆ ವಸ್ತುವನ್ನು 1980ರ ದಶಕದಲ್ಲಿ ಬೇರೆ ಬೇರೆ ಪ್ರಯೋಗಾಲಯಗಳು ಬೇರೆ ಬೇರೆ ಹೆಸರಿನಿಂದ ಕರೆಯುತ್ತಿದ್ದವಂತೆ. ಬಿ ಜೀವಕೋಶಗಳನ್ನು ಪ್ರಚೋದಿಸುವುದನ್ನು ಕಂಡವರು ಒಂದು ಹೆಸರಿಟ್ಟರು, ಯಕೃತ್ತಿನ ಮೇಲಿನ ಪರಿಣಾಮ ನೋಡಿದವರು ಇನ್ನೊಂದು, ಇಂಟರ್‌ಫೆರಾನಿನ ಜಾತಿ ಎಂದುಕೊಂಡವರು ಮತ್ತೊಂದು. ಕೊನೆಗೆ ನೋಡಿದರೆ ಎಲ್ಲವೂ ಒಂದೇ! ಬಿಳಿ ರಕ್ತಕಣಗಳ ಮೇಲಿನ ಗುರುತುಗಳದೂ ಇದೇ ಪಾಡು. 1982ರಲ್ಲಿ ಪ್ಯಾರಿಸ್ಸಿನಲ್ಲಿ ಕೂತು ಅವಕ್ಕೆ ಸಿಡಿ ಎಂಬ ಸಾಮಾನ್ಯ ಹೆಸರಿನ ಕ್ರಮ ಹಾಕಿದರು. ಒಬ್ಬರ ಟಿ4, ಇನ್ನೊಬ್ಬರ ಲ್ಯೂ-3 ಎಲ್ಲ ಸೇರಿ ಸಿಡಿ4 ಆಯಿತು. ಎಚ್‌ಐವಿ ಇರುವವರ ರಕ್ತದಲ್ಲಿ ಎಣಿಸುವುದು ಈ ಗುರುತಿರುವ ಕಣಗಳನ್ನೇ.

ಈಗ ಕಂಪ್ಯೂಟರಿಗೂ ತಿಳಿಯುವಂತೆ ಈ ಕ್ರಮವನ್ನು ಬೆಳೆಸಿದ್ದಾರೆ. ಅದಕ್ಕೆ ಆಂಟಾಲಜಿ ಎನ್ನುತ್ತಾರೆ. ಬಿ.ಎ.ಯಲ್ಲಿ ತತ್ತ್ವಶಾಸ್ತ್ರ ಓದಿದ ನನಗೆ ಅದು 'ಇರುವುದು ಎಂದರೇನು' ಎಂದು ವಿಚಾರಿಸುವ ಶಾಸ್ತ್ರ. ಮಗಳಿಗೆ ಅದು ದಿನದ ಕೆಲಸ! 1998ರಲ್ಲಿ ವಂಶವಾಹಿಗಳಿಗಾಗಿ ಇಂಥದೊಂದು ಶುರುವಾಯಿತು. ಆಮೇಲೆ ಜೀವಕೋಶಗಳಿಗೆ, ಲಸಿಕೆಗಳಿಗೆ ಬೇರೆ ಬೇರೆ ಬಂದವು. ಪ್ರತಿಯೊಂದು ಪದಕ್ಕೂ ಒಂದು ಸಂಖ್ಯೆ, ಒಂದು ವಿವರಣೆ, ಅದು ಯಾವುದರ ಬಗೆ ಎಂಬ ಸಂಬಂಧ. ಟಿ ಕೋಶ ಲಿಂಫೊಸೈಟಿನ ಒಂದು ಬಗೆ, ಲಿಂಫೊಸೈಟು ಬಿಳಿ ರಕ್ತಕಣದ ಒಂದು ಬಗೆ ಎಂದು ಬರೆದಿಟ್ಟರೆ, ಬಿಳಿ ರಕ್ತಕಣದ ಮಾಹಿತಿ ಕೇಳಿದವರಿಗೆ ಟಿ ಕೋಶದ್ದೂ ಸಿಗುತ್ತದೆ. ನನಗೆ ಹಿಡಿಸಿದ ಸಂಗತಿ ಬೇರೆ. ಹಳೆಯ ಹೆಸರುಗಳನ್ನು ಅವರು ಎಸೆಯುವುದಿಲ್ಲ, ಪರ್ಯಾಯ ಪದಗಳೆಂದು ಕೆಳಗೆ ಬರೆದಿಡುತ್ತಾರೆ. ಮನೆಯ ಹೆಸರಿಗೂ ಜಾಗವಿದೆ.

"ಇಷ್ಟೆಲ್ಲ ಯಾಕೆ? ಅವರವರ ಕೆಲಸ ಅವರವರಿಗೆ ತಿಳಿದರೆ ಸಾಲದೆ?" ಎಂದೆ. ಅವಳೆಂದಳು: "ರಕ್ತ ಕೊಟ್ಟವರು ಇದ್ದಾರಲ್ಲಮ್ಮ." ಆ ಮಾತು ನಾಟಿತು. ಯಾರೋ ಕಾಯಿಲೆಯವರು, ತಮಗೆ ಪ್ರಯೋಜನವಿಲ್ಲದಿದ್ದರೂ ಮುಂದಿನವರಿಗಾದರೂ ಆಗಲಿ ಎಂದು ಕೈ ನೀಡಿರುತ್ತಾರೆ. ಅವರ ಹೆಸರು ಅಳಿಸಿದ ಮಾಹಿತಿ ಒಬ್ಬ ಸಂಶೋಧಕರ ಸಂಕೇತಗಳಲ್ಲಿ ಕೊಳೆತರೆ ಆ ದಾನ ಮುಂದಿನವರಿಗೆ ತಲುಪೀತೇ? ತಿಳಿದದ್ದನ್ನು ಇನ್ನೊಬ್ಬರಿಗೆ ಎಟುಕುವಂತೆ ಇಡದಿರುವುದು ಬರೀ ಅಜಾಗರೂಕತೆಯೋ, ಒಂದು ಬಗೆಯ ಜಿಪುಣತನವೋ?

ಹಾಗೆಂದು ಒಂದೇ ಕ್ರಮ, ಒಂದೇ ಕಾಲಂ ಎಂದರೆ ಸತ್ಯ ಸಿಕ್ಕಿತು ಎಂದಲ್ಲ. ಇದನ್ನು ಶಾಲೆಯ ದಾಖಲಾತಿ ರಿಜಿಸ್ಟರು ಬರೆದ ನನ್ನ ಕೈ ಬಲ್ಲದು. ಹುಟ್ಟಿದ ದಿನ ಕೇಳಿದರೆ ತಾಯಂದಿರು "ಜಾತ್ರೆ ಮುಂದೆ, ದೊಡ್ಡ ಮಳೆ ಬಂದ ವರ್ಷ" ಎನ್ನುತ್ತಿದ್ದರು. ಕಾಲಮ್ಮಿನಲ್ಲಿ ಜಾತ್ರೆಗೆ ಜಾಗವಿಲ್ಲ. ನಾನು ಜೂನ್ 1 ಎಂದು ಬರೆದೆ. ಎಷ್ಟೋ ಮಕ್ಕಳು ಇಂದಿಗೂ ಆ ದಿನವೇ ಹುಟ್ಟಿದವರು. ಕಾಲಂ ಅಂದವಾಗಿ ತುಂಬಿತು, ತಾಯಿ ಹೇಳಿದ ನಿಜ ಹೊರಗೇ ಉಳಿಯಿತು. ಇದನ್ನು ಹೇಳಿದಾಗ ಮಗಳು ನಗಲಿಲ್ಲ. "ನಮಗಿರೋ ಭಯವೂ ಅದೇ. ಸರಿಯಾದ ಪದ ಇಲ್ಲದಿದ್ದರೆ ಹತ್ತಿರದ್ದಕ್ಕೆ ಸೇರಿಸಬಾರದು, ಹೊಸ ಪದ ಕೇಳಬೇಕು" ಎಂದಳು. ನನಗೆ ಆಗ ಹಾಗೆ ಕೇಳಬೇಕೆಂದು ಹೊಳೆದಿರಲಿಲ್ಲ.

ಹಾಗಾದರೆ ಕರ್ತವ್ಯ ಎರಡು ಎನ್ನಿಸುತ್ತದೆ. ಹೇಳುವವರು ನಾಲ್ಕು ಜನಕ್ಕೆ ತಿಳಿಯುವ ಮಾತಿಗೆ ಬರಬೇಕು. ಬರೆದುಕೊಳ್ಳುವವರು ಮನೆಮಾತಿನ ಒಳಗೇನಿದೆ ಎಂದು ಇನ್ನೊಂದು ಪ್ರಶ್ನೆ ಕೇಳಬೇಕು. ಆ ರಾತ್ರಿ ನಾವಿಬ್ಬರೂ ಅರ್ಧ ದಾರಿಯಲ್ಲೇ ನಿಂತುಬಿಟ್ಟಿದ್ದೆವು.

ಈಗ ಅಕ್ಕನ ಪರ್ಸಿನಲ್ಲಿ ಒಂದು ಚೀಟಿ ಇದೆ. 'ಪೆನಿಸಿಲಿನ್ ಅಲರ್ಜಿ' ಎಂದು ಕೆಂಪು ಶಾಯಿಯಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದುಕೊಟ್ಟಿದ್ದೇನೆ. ಅಕ್ಕ ಮಾತ್ರ ಯಾರು ಕೇಳಿದರೂ "ಅದು ನಂಗೆ ಒಗ್ಗೋದಿಲ್ಲ" ಎಂದೇ ಹೇಳುತ್ತಾಳೆ. ಹೇಳಿ, ಚೀಟಿ ತೆಗೆದು ಕೊಡುತ್ತಾಳೆ.