ಗುಟ್ಟಿನ ಪತ್ರಕ್ಕೂ ಸಮ್ಮಾ ವಾಚಾ



ನಾಯಕರು ಪಕ್ಷದ ರಾಜ್ಯ ಮುಖಂಡರಿಗೆ ಖಾಸಗಿಯಾಗಿ ಬರೆಯುವ ಪತ್ರಕ್ಕೆ ಸಮ್ಮಾ ವಾಚಾ ಅನ್ವಯಿಸುತ್ತದೆಯೇ?

1930ರ ಮಾರ್ಚ್ 2ರಂದು ಶುರುವಾದ ನಾಸಿಕದ ಕಾಳಾರಾಮ ಮಂದಿರ ಸತ್ಯಾಗ್ರಹದ ಮುಂಚೂಣಿಯಲ್ಲಿದ್ದವರು ದಾದಾಸಾಹೇಬ್ ಗಾಯಕ್ವಾಡ್. ಅದನ್ನು ಮತ್ತೆ ಹೂಡಬೇಕೇ ಎಂದು ಅವರು ಕೇಳಿದಾಗ ಬಾಬಾಸಾಹೇಬರು 1934ರ ಮಾರ್ಚ್ 3ರಂದು ಉತ್ತರ ಬರೆದರು. ಹೋರಾಟ ನಡೆದದ್ದು ನಮ್ಮ ಜನ ಎಚ್ಚರಗೊಳ್ಳಲೆಂದು, ಮೂರ್ತಿಪೂಜಕರಾಗಲೆಂದಲ್ಲ. ಇನ್ನು ಶಕ್ತಿಯೆಲ್ಲ ಶಿಕ್ಷಣಕ್ಕೆ, ರಾಜಕೀಯಕ್ಕೆ ಹೋಗಲಿ ಎಂಬುದು ಅದರ ಸಾರ.

ಜೊತೆಗಾರರಿಗೆ ಕಹಿಯಾಗಬಹುದಾದ ಮಾತು. ಆದರೂ ನೇರವಾಗಿ, ಕಾರಣ ಕೊಟ್ಟು ಬರೆದರು. ಇಂದು ಆ ಪತ್ರವನ್ನು ಯಾರು ಬೇಕಾದರೂ ಓದಬಹುದು. ಮುಚ್ಚಿಡಬೇಕಾದ ಮಾತು ಒಂದೂ ಇಲ್ಲ.

ಗುಟ್ಟಾಗಿ ಬರೆಯುವುದು ತಪ್ಪಲ್ಲ, ಚಾಡಿ ಬರೆಯುವುದು ತಪ್ಪು. ಬೀದರ್, ಭಾಲ್ಕಿ, ಔರಾದಿನ ನಾಯಕರನ್ನು ಹೀಗೇ ಅಳೆಯೋಣ. ನಮ್ಮ ಮೆಸೇಜುಗಳನ್ನೂ.

ಆಡುವ ಮುನ್ನ, ಆಡುವಾಗ, ಆಡಿದ ಮೇಲೆ ಮಾತನ್ನು ಪರೀಕ್ಷಿಸು ಎಂದು ಭಗವಾನರು ರಾಹುಲನಿಗೆ ಹೇಳಿದರು.

ಭವತು ಸಬ್ಬ ಮಂಗಲಂ.