ಅನಾಗತ ವ್ಯಾಧಿಯೂ ವರ್ತಮಾನದ ಧರ್ಮವೂ

ಹಿತೋಪದೇಶದ ಮೂರು ಮೀನುಗಳ ಕಥೆಯನ್ನು ಕೇಳದ ಮನೆ ವಿರಳ. ಮರುದಿನ ಬೆಸ್ತರು ಬರುವರೆಂದು ತಿಳಿದೊಡನೆ ಅನಾಗತವಿಧಾತನು ಬೇರೊಂದು ಕೊಳವನ್ನು ಸೇರಿದನು. ಪ್ರತ್ಯುತ್ಪನ್ನಮತಿಯು ಬಲೆಗೆ ಬಿದ್ದಮೇಲೆ ಸತ್ತಂತೆ ನಟಿಸಿ ಪಾರಾದನು. ಆದದ್ದಾಗಲಿ ಎಂದು ಕುಳಿತ ಯದ್ಭವಿಷ್ಯನು ಸತ್ತನು. ನೀತಿಯು ಸ್ಪಷ್ಟವಾಗಿದೆ. ಆದರೆ ಬೆಸ್ತರ ಬರವು ಅಲ್ಲಿ ನಿಶ್ಚಿತವಾಗಿತ್ತು. ಬರುವುದೋ ಬಾರದೋ ತಿಳಿಯದ ವ್ಯಾಧಿಗೆ ಮೊದಲೇ ಲಸಿಕೆಯನ್ನು ಸಿದ್ಧಪಡಿಸಲು, ಇಂದಿನ ರೋಗಿಗೆ ಒದಗಬಹುದಾದ ದ್ರವ್ಯವನ್ನು ವ್ಯಯಮಾಡುವುದು ಧರ್ಮವೇ? ವಿಚಾರಿಸತಕ್ಕ ಪ್ರಶ್ನೆ ಇದು.

ಕನ್ನಡನಾಡಿನಲ್ಲಿಯೇ ಇದಕ್ಕೆ ನಿದರ್ಶನವುಂಟು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದುವು; ಸುತ್ತಲಿನ ಹಳ್ಳಿಯವರು ಜ್ವರದಿಂದ ನರಳಿದರು. ಉಣ್ಣೆಗಳ ಕಡಿತದಿಂದ ಹರಡುವ ಹೊಸ ವೈರಸ್ ಇದಕ್ಕೆ ಕಾರಣವೆಂದು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಕಂಡುಕೊಂಡರು. ರಷ್ಯಾದೇಶದ ಒಂದು ರೋಗಾಣುವು ಇದರ ದಾಯಾದಿಯಾದುದರಿಂದ ಅದರ ಲಸಿಕೆಯನ್ನೇ ಇಲ್ಲಿ ಪ್ರಯೋಗಿಸಿ ನೋಡಿದರು, ಫಲವಾಗಲಿಲ್ಲ. ಮುಂದೆ ಈ ರೋಗಾಣುವಿನಿಂದಲೇ ಸಿದ್ಧವಾದ ಲಸಿಕೆಯನ್ನು 1990ರಿಂದ ಮಲೆನಾಡಿನ ಜನರಿಗೆ ಕೊಡಲಾಯಿತು. ಅದನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಾಗಿತ್ತು. ಕ್ರಮೇಣ ಅದರ ಶಕ್ತಿಯೂ ಕುಂದಿತು. 2022ರಲ್ಲಿ ಅದು ನಿಂತೇಹೋಯಿತು. ಅಷ್ಟರಲ್ಲಿ ರೋಗವು ಬಂಡೀಪುರ, ವಯನಾಡು, ಗೋವೆಗಳವರೆಗೂ ಹಬ್ಬಿತ್ತು. ಹಳೆಯದು ನಿಲ್ಲುವ ಮೊದಲೇ ಹೊಸದು ಸಿದ್ಧವಾಗಿರಲಿಲ್ಲ. ಅನಾಗತವಿಧಾತನಂತೆ ಹೊರಟವನೂ ನಡುದಾರಿಯಲ್ಲಿ ಕುಳಿತರೆ ಯದ್ಭವಿಷ್ಯನೇ ಆಗುವನೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನೆರೆಯ ಕೇರಳದ ನಿದರ್ಶನವು ಬೇರೊಂದು ಬಗೆಯದು. 2018ರಲ್ಲಿ ಕೋಳಿಕ್ಕೋಡಿನ ಕಡೆ ಬಾವಲಿಗಳ ಮೂಲದ ನಿಪಾ ರೋಗವು ತಲೆದೋರಿದಾಗ, ತಗಲಿದವರಲ್ಲಿ ಹೆಚ್ಚಿನವರು ಮಡಿದರು. ಶುಶ್ರೂಷೆ ಮಾಡಿದ ದಾದಿಯೊಬ್ಬರೂ ಪ್ರಾಣತೆತ್ತರು. ಆಗ ಆಸ್ಟ್ರೇಲಿಯಾದಿಂದ ಒಂದು ಪ್ರತಿಕಾಯದ ಔಷಧವನ್ನು ತರಿಸಲಾಯಿತು. ನಿಪಾದ ದಾಯಾದಿಯಾದ, ಕುದುರೆಗಳಿಂದ ಮನುಷ್ಯರಿಗೆ ತಗಲುವ ಹೆಂಡ್ರಾ ರೋಗಕ್ಕಾಗಿ ಅಲ್ಲಿಯವರು ಅದನ್ನು ಕಾದಿರಿಸಿದ್ದರು. ಒಂದು ದೇಶದ ದೂರದೃಷ್ಟಿಯು ಮತ್ತೊಂದು ದೇಶದ ಆಪತ್ತಿನಲ್ಲಿ ನೆನಪಾಯಿತು. 2020ರ ಮಹಾಮಾರಿಯಲ್ಲಿಯೂ, ವೈರಸ್ಸಿನ ರಚನೆ ತಿಳಿದ ಕೆಲವೇ ವಾರಗಳಲ್ಲಿ ಲಸಿಕೆಯ ಪ್ರಯೋಗ ಆರಂಭವಾದದ್ದು, 2003ರ ಸಾರ್ಸ್ ಮೊದಲಾದ ಅದರ ಕುಲದ ವ್ಯಾಧಿಗಳನ್ನು ವರ್ಷಗಟ್ಟಲೆ ಅಭ್ಯಸಿಸಿದ್ದುದರ ಫಲವೇ ಹೊರತು ಪವಾಡವಲ್ಲ.

ಆಕ್ಷೇಪವೂ ಅಲ್ಪವಲ್ಲ. ಹಳ್ಳಿಯ ಆಸ್ಪತ್ರೆಯಲ್ಲಿ ಜ್ವರದ ಮಾತ್ರೆಯೇ ಸಾಲದಿರುವಾಗ ಕಾಣದ ರೋಗದ ಚಿಂತೆ ಏತಕ್ಕೆ? ಎದುರಿಗಿರುವ ಆರ್ತನ ಋಣವೇ ಮೊದಲಿನದೆಂಬುದು ನಿರ್ವಿವಾದ. ಇರುವ ವೈರಸ್ಸುಗಳಿಗೆಲ್ಲ ಔಷಧ ಹುಡುಕುವುದೂ ಅಸಾಧ್ಯ. ಆದರೆ ಪ್ರಾಣಿಗಳಿಂದ ಮನುಷ್ಯರಿಗೆ ಈಗಾಗಲೇ ದಾಟಿದ ಕುಲಗಳನ್ನಾದರೂ ಆರಿಸಿ ಸಿದ್ಧರಾಗಿರುವುದು ಸಾಧ್ಯ. ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ವಿಷಯವೊಂದುಂಟು: ಸಿದ್ಧತೆಯ ವೆಚ್ಚವು ಎಲ್ಲರ ಬೊಕ್ಕಸದಿಂದ ಹೋಗುತ್ತದೆ, ಕಾಯುವುದರ ವೆಚ್ಚವನ್ನು ಕೆಲವರು ಪ್ರಾಣದಿಂದ ತೆರುತ್ತಾರೆ. ಆ ಕೆಲವರು ಸೌದೆಗೆಂದು ಕಾಡಿಗೆ ಹೋಗುವ ಬಡವರು, ರೋಗಿಯ ಮೈ ಮುಟ್ಟಿ ಉಪಚರಿಸುವ ದಾದಿಯರು. ಉಳಿದವರ ಮಿತವ್ಯಯಕ್ಕೆ ಅವರ ಪ್ರಾಣವನ್ನು ಒತ್ತೆಯಿಡುವುದು ಯಾವ ಧರ್ಮಶಾಸ್ತ್ರಕ್ಕೂ ಒಪ್ಪತಕ್ಕುದಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟಗಾರನಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ನಾಟಿ ತೆಂಗು ಫಲಕೊಡಲು ಆರೇಳು ವರ್ಷಗಳು ಬೇಕು; ಅರವತ್ತರ ವೃದ್ಧನೂ ಸಸಿ ನೆಡುವುದನ್ನು ಬಿಡನು. ಎಳನೀರು ಕುಡಿಯುವವರು ಯಾರೆಂದು ಆತನು ಲೆಕ್ಕ ಹಾಕುವುದಿಲ್ಲ. ಆದರೆ ನೆಟ್ಟು ಕೈತೊಳೆದುಕೊಂಡರೆ ಸಾಲದೆಂಬುದನ್ನೂ ಆತನು ಬಲ್ಲನು. ಮೊದಲ ಬೇಸಗೆಗಳಲ್ಲಿ ನೀರು ಕಾಣದ ಸಸಿ ಒಣಗುವುದು. ಮಲೆನಾಡಿನ ಲಸಿಕೆಗೆ ಆದದ್ದೂ ಅದೇ.

ರೋಗವು ಬಾರದೆಹೋದರೆ ಸಿದ್ಧತೆ ವ್ಯರ್ಥವಾಯಿತೆಂದು ಕೆಲವರು ನುಡಿದಾರು. ತೋಟದ ಸುತ್ತ ಬೇಲಿ ಕಟ್ಟಿದ ವರ್ಷ ದನ ನುಗ್ಗಲಿಲ್ಲವೆಂದು ಬೇಲಿಯನ್ನು ಕಿತ್ತುಹಾಕುವ ಒಕ್ಕಲಿಗನು ಈ ಸೀಮೆಯಲ್ಲಿಲ್ಲ.